ಏಳು ತೊಲದ ಹಕ್ಕಿ

ಮಂಡ್ಯದ ದನದ ಆಸ್ಪತ್ರೆಯ ಜಗುಲಿಯ ಮೇಲೆ ಒಂದು ಹಸುವಿನ ಮುರಿದ ಕೊಂಬಿಗೆ ಟಾರು ಹಚ್ಚುತ್ತಿದ್ದೆ. ನಾಲೆ ಇಂಜಿನಿಯರರ ಮನೆಯ ಅಡಿಗೆಯವರು ಬಿಸಿಲಲ್ಲಿ ಓಡಿಬಂದು ನಿಂತರು. ಮೇಲುಸಿರು ಬಿಡುತ್ತಿದ್ದರು.

"ನೀವು ಈಗಲೇ ಬರಬೇಕಂತೆ, ಅಮ್ಮಾವ್ರು ಹೇಳಿದರು. ಹಕ್ಕಿ ಮೂತಿ ಒಡೆದುಕೊಂಡಿದೆ."

"ಹಕ್ಕಿ ನೋಡೋರು ನಾವಲ್ಲ ಸ್ವಾಮಿ. ಡಾಕ್ಟರೂ ಊರಲ್ಲಿಲ್ಲ."

"ಅದನ್ನೂ ಹೇಳಿದೆ. ಯಾರಿದ್ದರೆ ಅವರನ್ನೇ ಕರಕೊಂಡು ಬಾ ಅಂದರು."

ನಾನು ಡಾಕ್ಟರಲ್ಲ. ಸ್ಟಾಕ್ ಇನ್ಸ್‌ಪೆಕ್ಟರ್. ಹಳ್ಳಿಗಳಲ್ಲಿ ದನಗಳ ರೋಗ ಕಂಡರೆ ವರದಿ ಮಾಡುವುದು, ಸೂಜಿ ಚುಚ್ಚುವುದು, ಡಾಕ್ಟರು ಇಲ್ಲದಾಗ ಗಾಯ ತೊಳೆದು ಮದ್ದು ಹಾಕುವುದು ನನ್ನ ಕೆಲಸ. ಮಳವಳ್ಳಿಯ ಕಡೆ ದನಗಳಿಗೆ ದೊಡ್ಡರೋಗ ಎಂಬ ಪ್ರಾಣ ತೆಗೆಯುವ ಅಂಟುರೋಗ ಬಿದ್ದಿದ್ದರಿಂದ ಡಾಕ್ಟರು ಅಲ್ಲಿಗೆ ಹೋಗಿ ಎಂಟು ದಿನವಾಗಿತ್ತು. ಹೋಗುವಾಗ ಒಂದು ಮಾತು ಹೇಳಿದ್ದರು: "ಬೆಂಗಳೂರಿನಿಂದ ರೋಗ ತಡೆಯೋ ಸೀರಂ ಇನ್ನೊಂದು ಪೆಟ್ಟಿಗೆ ಬರುತ್ತೆ. ಬಂದ ದಿನವೇ ಯಾವ ಊರಿಂದ ಮೊದಲು ಸುದ್ದಿ ಬರುತ್ತೋ ಆ ಊರಿಗೆ ಹೊರಡಿ. ನನ್ನ ಅಪ್ಪಣೆಗೆ ಕಾಯಬೇಡಿ."

ಇಂಜಿನಿಯರರ ಮನೆ ಊರಾಚೆ ಇತ್ತು. ಹೋಗಿ ನೋಡಿದರೆ, ಹಕ್ಕಿ ನಾನು ಅದುವರೆಗೆ ಕಂಡ ಜಾತಿಯದಲ್ಲ. ಬೂದು ಬಣ್ಣ, ಉದ್ದ ಬಾಲ, ತಲೆಯ ಮೇಲೆ ಹಳದಿ ಜುಟ್ಟು, ಎರಡು ಕೆನ್ನೆಯ ಮೇಲೂ ಕುಂಕುಮ ಒತ್ತಿದಂತೆ ಕಿತ್ತಳೆ ಬೊಟ್ಟು. ಕಾಕಟೀಲ್ ಅಂತ ಅದರ ಹೆಸರೆಂದು ಇಂಜಿನಿಯರರ ಹೆಂಡತಿಯೇ ಹೇಳಿದರು. ಊರು ಬಿಟ್ಟು ಹೋಗುವಾಗ ಒಬ್ಬ ಬಿಳಿಯ ದೊರೆಸಾನಿ ಕೊಟ್ಟು ಹೋದದ್ದಂತೆ. ಆ ದೊರೆಸಾನಿ ಇಟ್ಟಿದ್ದ ಹೆಸರು ನಾಲಿಗೆಗೆ ಬಾರದೆ ಆಕೆ ಅದನ್ನು ಮರಿ ಎಂದು ಕರೆಯುತ್ತಿದ್ದರು. ಗಂಡ ತಿಂಗಳಲ್ಲಿ ಇಪ್ಪತ್ತು ದಿನ ನಾಲೆಯ ಮೇಲೆ. ಮಕ್ಕಳಿರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಆಕೆಯ ಜೊತೆ ಮಾತಾಡಲು ಇದ್ದದ್ದು ಅಡಿಗೆಯವರು ಮತ್ತು ಆ ಹಕ್ಕಿ.

"ತುಂಬಾ ಪುಕ್ಕಲು. ಬಾಗಿಲು ಹಾಕಿದ ಸದ್ದಿಗೂ ನಡುಗುತ್ತೆ. ಒಳಗೆ ಹಿತ್ತಾಳೆ ತಟ್ಟೆ ಬಿತ್ತು, ಅಷ್ಟೇ. ಹೆಗಲ ಮೇಲಿದ್ದದ್ದು ಹಾರಿಹೋಗಿ ಕಿಟಕಿ ಗಾಜಿಗೆ ಹೊಡೆದುಕೊಳ್ತು" ಎಂದರು. ಆಕೆಯ ಸೀರೆಯ ಹೆಗಲ ಮೇಲೆ ರಕ್ತದ ಕಲೆ ಇತ್ತು.

ಪಂಜರದ ಮೂಲೆಯಲ್ಲಿ ಅದು ಗರಿ ಕೆದರಿಕೊಂಡು ಕೂತಿತ್ತು. ಮೇಲಿನ ಕೊಕ್ಕು ಮೂರರಲ್ಲೊಂದು ಭಾಗ ಅಡ್ಡಲಾಗಿ ಮುರಿದು, ಒಂದು ಪಕ್ಕದಲ್ಲಿ ಸಿಪ್ಪೆಯಷ್ಟು ಅಂಟಿಕೊಂಡು ಜೋತಾಡುತ್ತಿತ್ತು. ಬುಡದಿಂದ ರಕ್ತ ಹನಿಯುತ್ತಿತ್ತು. ನನ್ನ ಕೈ ಕಂಡದ್ದೇ ತಡ, ಪಂಜರದ ಕಂಬಿಗಳಿಗೆಲ್ಲ ಹಾಯ್ದುಕೊಳ್ಳತೊಡಗಿತು. ಹನಿಯುತ್ತಿದ್ದ ರಕ್ತ ಚಿಮ್ಮಿತು.

ಕಿಟಕಿಗಳನ್ನು ಮುಚ್ಚಿಸಿ ಕೋಣೆ ಕತ್ತಲೆ ಮಾಡಿಸಿದೆ. ಹಳೆಯ ಮೆತ್ತನೆ ಪಂಚೆ ತರಿಸಿದೆ. ಕೋಳಿ ಹಿಡಿದ ಅಭ್ಯಾಸವಿತ್ತಲ್ಲ, ಅದೇ ನನಗೆ ಮೊದಲ ಪೆಟ್ಟು ಕೊಟ್ಟಿತು. ಪಂಚೆ ಸಮೇತ ಮೈ ಹಿಡಿದು ಅಮುಕಿದೆ. ಹಕ್ಕಿ ಬಾಯಿ ತೆರೆದು ಏದುಸಿರು ಬಿಟ್ಟಿತು. ಕಣ್ಣು ಮಂಕಾಯಿತು. ಎದೆಗೂಡು ಅಲುಗಾಡಲು ಜಾಗವಿಲ್ಲದಿದ್ದರೆ ಹಕ್ಕಿಗೆ ಉಸಿರೇ ಇಲ್ಲ ಎಂಬುದು ಆಗ ಹೊಳೆಯಿತು. ತಕ್ಷಣ ಬಿಟ್ಟುಬಿಟ್ಟೆ. ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಹಿಡಿದೆ. ಈ ಸಲ ಹೆಬ್ಬೆಟ್ಟು ಮತ್ತು ನಡುಬೆರಳನ್ನು ಎರಡು ಕೆನ್ನೆಗೆ ಕೊಟ್ಟು, ತೋರುಬೆರಳನ್ನು ನೆತ್ತಿಯ ಮೇಲಿಟ್ಟು, ಎದೆಯನ್ನು ಸಡಿಲ ಬಿಟ್ಟೆ. ಒದ್ದಾಟ ನಿಂತಿತು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಕಬ್ಬಿಣದ ಟಿಂಚರಿನಲ್ಲಿ ಅದ್ದಿ, ನಾಲಿಗೆಗೆ ತಾಗದ ಹಾಗೆ ಗಾಯದ ಬುಡಕ್ಕೆ ಒತ್ತಿಹಿಡಿದೆ. ನೂರು ಎಣಿಸುವಷ್ಟರಲ್ಲಿ ರಕ್ತ ಕಟ್ಟಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆಕೆ, "ಆ ತುಂಡು ಮತ್ತೆ ಕೂಡಿಕೊಳ್ಳಲ್ವಾ?" ಎಂದು ಕೇಳಿದರು. ಆ ಮುಖ ನೋಡಿ ನನಗೆ ಇಲ್ಲ ಎನ್ನಲಾಗಲಿಲ್ಲ. ಜೋತಾಡುತ್ತಿದ್ದ ತುಂಡನ್ನು ಸೇರಿಸಿ, ರೇಷ್ಮೆ ಎಳೆ ಸುತ್ತಿ, ಮೇಲೆ ಕೊಲೋಡಿಯನ್ ಎಂಬ ಅಂಟುಮದ್ದು ಹಚ್ಚಿ ಒಣಗಿಸಿದೆ. ನೋಡಲು ಚೊಕ್ಕವಾಗಿತ್ತು. ಆಕೆಯ ಕಣ್ಣಲ್ಲಿ ನೀರು ಬಂತು.

ಇಲ್ಲಿ ಇನ್ನೊಂದು ವಿಷಯ ಮುಚ್ಚಿಡಬಾರದು. ನನ್ನ ಹೆಂಡತಿ ಮಳವಳ್ಳಿಯಲ್ಲಿ ತಾಯಿಯ ಮನೆಯಲ್ಲಿ ಕಾಯಿಲೆ ಮಲಗಿದ್ದಳು. ಅಲ್ಲಿಗೆ ವರ್ಗ ಕೇಳಿ ನಾನು ಎರಡು ಸಲ ಅರ್ಜಿ ಹಾಕಿದ್ದೆ. ಆ ಇಂಜಿನಿಯರರ ಒಂದು ಮಾತು ಮೇಲಿನವರ ಕಿವಿಗೆ ಬಿದ್ದರೆ ಆಗುವ ಕೆಲಸ ಅದು. ಗಾಯಕ್ಕೆ ಹತ್ತಿ ಒತ್ತಿಕೊಂಡಿದ್ದಾಗಲೇ ಈ ಯೋಚನೆ ನನಗೆ ಬಂದಿತ್ತು.

ಎರಡು ದಿನದ ಮೇಲೆ, ಮಂಗಳವಾರ ಬೆಳಿಗ್ಗೆ, ಎರಡು ಸುದ್ದಿ ಒಟ್ಟಿಗೆ ಬಂದವು. ರೈಲಿನಲ್ಲಿ ಸೀರಂ ಪೆಟ್ಟಿಗೆ ಇಳಿದಿದೆ ಎಂದು ಸ್ಟೇಷನ್ನಿನಿಂದ ಆಳು ಬಂದ. ಅವನ ಬೆನ್ನಿಗೇ ಕೊತ್ತತ್ತಿ ಎಂಬ ಹಳ್ಳಿಯ ತಳವಾರ ಬಂದ.

"ಮದ್ದೂರು ಸಂತೆಯಿಂದ ತಂದ ಎತ್ತು ಬಾಯಲ್ಲಿ ನೊರೆ ಸುರಿಸ್ತಾ ಅದೆ ಬುದ್ಧಿ. ಪಕ್ಕದ ಮನೆ ಕರೂನೂವೆ ಮೇವು ಬುಟ್ಟದೆ. ಪಟೇಲ್ರು ಇವತ್ತೇ ಬರ್ಬೇಕು ಅಂದ್ರು."

"ಬರ್ತೀನಿ, ಹೋಗು. ರೋಗದ ದನ ಬೇರೆ ಕಟ್ಟಿ. ಯಾವ ದನಾನೂ ಕೆರೆಗೆ ಬಿಡಬೇಡಿ" ಎಂದು ಹೇಳಿ ಕಳಿಸಿದೆ. ಪೆಟ್ಟಿಗೆ ಬಿಡಿಸಿಕೊಂಡು ಬಂದು ಸೀಸೆಗಳನ್ನು ಒದ್ದೆ ಹುಲ್ಲಿನಲ್ಲಿಟ್ಟೆ. ಹೊರಡುವ ಮೊದಲು ಹಕ್ಕಿಯನ್ನು ಒಂದು ಸಲ ನೋಡಿಕೊಂಡು ಹೋಗೋಣ ಎಂದು ಸೈಕಲ್ಲನ್ನು ಅತ್ತ ತಿರುಗಿಸಿದೆ.

ಕೊಲೋಡಿಯನ್ ಕಿತ್ತುಬಂದಿತ್ತು. ಆ ತುಂಡನ್ನು ಕಳಚಿಕೊಳ್ಳಲು ಹಕ್ಕಿ ಮೂತಿಯನ್ನು ಕಂಬಿಗೆ ಉಜ್ಜಿ ಉಜ್ಜಿ ಮತ್ತೆ ರಕ್ತ ಬರಿಸಿಕೊಂಡಿತ್ತು. ತುಂಡು ಪಂಜರದ ತಳದಲ್ಲಿ ಬಿದ್ದಿತ್ತು, ರೇಷ್ಮೆ ಎಳೆ ಸಮೇತ. ನನ್ನ ಚೊಕ್ಕ ಕೆಲಸ ಅದಕ್ಕೆ ಇನ್ನೊಂದು ಗಾಯವಾಗಿತ್ತು. ಮತ್ತೆ ಹಿಡಿದು, ಮತ್ತೆ ಟಿಂಚರು ಒತ್ತಿದೆ.

"ಆದರೆ ತಿಂತಾ ಇದೆ ನೋಡಿ" ಎಂದರು ಆಕೆ. ನಿಜ, ಬಟ್ಟಲಿನ ನವಣೆಯನ್ನು ಮೂತಿಯಿಂದ ಕೆದಕುತ್ತಿತ್ತು. ಹತ್ತಿರ ಕೂತು ನೋಡಿದೆ. ಕಾಳು ತೆಗೆದುಕೊಳ್ಳುತ್ತದೆ, ನಾಲಿಗೆಯಲ್ಲಿ ಹೊರಳಿಸುತ್ತದೆ, ಸಿಪ್ಪೆ ಒಡೆಯಲು ಮೇಲಿನ ಕೊಕ್ಕಿನ ತುದಿಯೇ ಇಲ್ಲ, ಕಾಳು ಬಿದ್ದುಹೋಗುತ್ತದೆ. ಮತ್ತೆ ತೆಗೆದುಕೊಳ್ಳುತ್ತದೆ. ದಿನವೆಲ್ಲ ತಿನ್ನುವ ಆಟ ಆಡಿ ಉಪವಾಸ ಇರುವುದು ಎಂದರೆ ಅದು. ಅಕ್ಕಸಾಲಿಯೊಬ್ಬರಿಂದ ತಕ್ಕಡಿ ಎರವಲು ತಂದು, ಪಂಚೆಯ ಚೂರಿನಲ್ಲಿ ಸುತ್ತಿ ತೂಗಿದೆ. ಬಟ್ಟೆಯ ತೂಕ ಕಳೆದು ಆರೂಮುಕ್ಕಾಲು ತೊಲ. ಮೊದಲು ಎಷ್ಟಿತ್ತೋ ಗೊತ್ತಿಲ್ಲ. ಎದೆಮೂಳೆ ಮಾತ್ರ ಆಗಲೇ ಕತ್ತಿಯ ಅಲುಗಿನಂತೆ ಬೆರಳಿಗೆ ಸಿಗುತ್ತಿತ್ತು.

ರಾಗಿ ಗಂಜಿ ತೆಳ್ಳಗೆ ಮಾಡಿಸಿ, ಇಂಕಿನ ಫಿಲ್ಲರಿನಲ್ಲಿ ತುಂಬಿ, ಮುಂದಿನಿಂದ ಬಾಯಿಗೆ ಬಿಟ್ಟೆ. ಒಂದು ಹನಿ ನುಂಗಿತು. ಎರಡನೆಯದಕ್ಕೆ ಸೀನಿತು. ಮೂಗಿನ ಹೊಳ್ಳೆಗಳಿಂದ ಗಂಜಿ ಗುಳ್ಳೆಯಾಗಿ ಬಂತು. ತಲೆ ಕೆಳಗೆ ಮಾಡಿ ಹಿಡಿದು ಒರೆಸಿದೆ. ಸಾಯಲಿಲ್ಲ, ಆದರೆ ಉಸಿರಿನಲ್ಲಿ ಗೊರಗೊರ ಸದ್ದು ಸೇರಿಕೊಂಡಿತು.

"ಇವತ್ತೊಂದು ದಿನ ಇರಿ. ನೀವು ಹೋದರೆ ನನ್ನ ಕೈಯಲ್ಲಿ ಸತ್ತುಹೋಗುತ್ತೆ" ಎಂದರು ಆಕೆ.

ಕೊತ್ತತ್ತಿಗೆ ಹೋಗಬೇಕೆಂದು ನಾನು ಹೇಳಲಿಲ್ಲ. ಹೇಳಿದ್ದರೆ ಆಕೆ ತಡೆಯುತ್ತಿದ್ದರೇ? ಇಲ್ಲವೆಂದೇ ನನಗನ್ನಿಸುತ್ತದೆ. ಮಂಗಳವಾರವೂ ಇದ್ದೆ, ಬುಧವಾರವೂ ಇದ್ದೆ. ಎರಡು ಗಂಟೆಗೊಮ್ಮೆ ಫಿಲ್ಲರಿನಲ್ಲಿ ಹನಿ, ಸೀನು, ಒರೆಸುವುದು. ಬುಧವಾರ ಸಂಜೆ ತೂಗಿದಾಗ ಆರೂಕಾಲು ತೊಲ. ಆಸ್ಪತ್ರೆಗೆ ಹಿಂದಿರುಗಿದರೆ ಕೊತ್ತತ್ತಿಯ ತಳವಾರ ಮತ್ತೆ ಬಂದು ಮೆಟ್ಟಿಲ ಮೇಲೆ ಕೂತಿದ್ದ.

"ಸೀಸೆ ಬರ್ನಿಲ್ವಾ ಬುದ್ಧಿ?" ಎಂದು ಕೇಳಿದ.

"ನಾಳೆ ಬೆಳಿಗ್ಗೆ ಬರ್ತೀನಿ" ಎಂದೆ. ಅವನ ಪ್ರಶ್ನೆಗೆ ಅದು ಉತ್ತರವಲ್ಲ. ಬರಲಿಲ್ಲ ಎಂದು ಅವನು ತಿಳಿದುಕೊಂಡ. ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟೆ.

ಗುರುವಾರ ಬೆಳಗಾಗುತ್ತಲೇ ಇಂಜಿನಿಯರರ ಮನೆಗೆ ಹೋಗಿ, "ಹಕ್ಕಿಯನ್ನು ನನ್ನ ಜೊತೆ ಕಳಿಸಿ. ದನಗಳ ಕೆಲಸದ ಮೇಲೆ ಹಳ್ಳಿಗೆ ಹೋಗಲೇಬೇಕು. ಇಲ್ಲಿ ಬಿಟ್ಟರೆ ಸಾಯುತ್ತೆ, ನನ್ನ ಜೊತೆ ಬಂದರೂ ಸಾಯಬಹುದು" ಎಂದೆ. ಆಕೆ ತಾವೇ ಒಂದು ಮುಚ್ಚಳದ ಬಿದಿರು ಬುಟ್ಟಿ ತಂದು, ತಮ್ಮ ಹಳೆಯ ಸೀರೆಯ ತುಂಡು ಹಾಸಿ, ಹಕ್ಕಿಯನ್ನು ಅದರಲ್ಲಿಟ್ಟರು.

ಸೈಕಲ್ಲಿನ ಹಿಂದೆ ಸೀರಂ ಪೆಟ್ಟಿಗೆ, ಮುಂದೆ ಹ್ಯಾಂಡಲಿಗೆ ಬುಟ್ಟಿ. ನಾಲೆಯ ಏರಿಯ ಮೇಲೆ ಹೊರಟೆ. ಆ ನಾಲೆಗೆ ನೀರು ಬಿಟ್ಟು ಕೆಲವೇ ವರ್ಷಗಳಾಗಿದ್ದವು. ಎರಡು ಕಡೆಯೂ ಕಬ್ಬು ಆಳೆತ್ತರ ನಿಂತಿತ್ತು. ಕಾರ್ಖಾನೆಗೆ ಕಬ್ಬು ಸಾಗಿಸುವ ಕಾಲ ಹತ್ತಿರವಾಗಿತ್ತು. ಒಂದೊಂದು ಮನೆಗೂ ಎತ್ತಿನ ಜೋಡಿ ಎಂದರೆ ಏನೆಂದು ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಬುಟ್ಟಿಯಿಂದ ಸದ್ದಿರಲಿಲ್ಲ. ಎರಡು ಸಲ ಇಳಿದು ಮುಚ್ಚಳ ಎತ್ತಿ ನೋಡಿದೆ. ಬದುಕಿತ್ತು.

ಕೊತ್ತತ್ತಿಯ ಚಾವಡಿಯ ಮುಂದೆ ದನಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಂದೊಂದಕ್ಕೂ ಥರ್ಮಾಮೀಟರು ಇಟ್ಟು ನೋಡಬೇಕು. ಜ್ವರವಿಲ್ಲದ್ದಕ್ಕೆ ಮೈತೂಕ ಅಂದಾಜು ಮಾಡಿ ಕತ್ತಿನ ಬುಡದಲ್ಲಿ ಸೀರಂ ಚುಚ್ಚಬೇಕು. ಜ್ವರ ಏರಿದ್ದಕ್ಕೆ ಸೀರಂ ಕೊಟ್ಟರೆ ಸೀಸೆ ದಂಡ. ಅದನ್ನು ಬೇರೆ ಕಟ್ಟಿಸಬೇಕು, ಅಷ್ಟೇ. ಚುಚ್ಚಿದ ದನದ ಕೊಂಬಿಗೆ ಸುಣ್ಣದ ಗುರುತು. ಮಧ್ಯಾಹ್ನದ ಹೊತ್ತಿಗೆ ಸುಮಾರು ದನ ಮುಗಿದವು. ಜ್ವರವಿದ್ದ ಹದಿನಾಲ್ಕಕ್ಕೆ ಗುರುತು ಹಾಕಲಾಗಲಿಲ್ಲ.

ಆ ಹದಿನಾಲ್ಕರಲ್ಲಿ ಒಂದು, ಬಿಳಿಯ ಜೋಡಿಯ ಎಡಗಡೆಯ ಎತ್ತು. ಅದರ ಹಗ್ಗ ಹಿಡಿದು ನಿಂತವಳು ಐವತ್ತರ ಹತ್ತಿರದ ವಿಧವೆ. ಗಂಡ ಸತ್ತ ಮೇಲೆ ಗದ್ದೆ, ಗಾಡಿ ಎರಡನ್ನೂ ತಾನೇ ನಡೆಸುತ್ತಿದ್ದಳು. ಬಲಗಡೆಯದಕ್ಕೆ ನೂರೊಂದೂವರೆ, ಆರೋಗ್ಯದ ಬಿಸಿ. ಎಡಗಡೆಯದಕ್ಕೆ ನೂರ ಆರು ಡಿಗ್ರಿ. ಕಣ್ಣಲ್ಲಿ ನೀರು. ತುಟಿ ಮಗುಚಿ ನೋಡಿದೆ. ಒಸಡಿನ ಮೇಲೆ ತೌಡು ಚೆಲ್ಲಿದ ಹಾಗೆ ಬೂದು ಚುಕ್ಕೆಗಳು.

"ಯಾವಾಗ್ನಿಂದ ಮೇವು ಬಿಟ್ಟಿದೆ?"

"ನೆನ್ನೆ ಸಂದೇಯಿಂದ. ಮೊನ್ನೆ ಚೆಂದಾಗಿ ಮೇಯ್ತಲ್ಲ. ಮಂಗ್ಳಾರ ನೀನು ಬತ್ತೀಯ ಅಂತ ಇಲ್ಲೇ ಕಟ್ಟಾಕಂಡು ಕುಂತಿದ್ನಲ್ಲಪ್ಪ, ಗದ್ದೆಗೂ ಓಗ್ದೆ."

ಮಂಗಳವಾರ ಅದಕ್ಕೆ ಜ್ವರವಿರಲಿಲ್ಲವೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಅವತ್ತು ಚುಚ್ಚಿದ್ದರೆ ಬದುಕುವ ಸಾಧ್ಯತೆ ಹೆಚ್ಚಿತ್ತು. ನಾನು ಥರ್ಮಾಮೀಟರನ್ನು ಒರೆಸಿ ಮುಂದಿನ ದನಕ್ಕೆ ಹೋದೆ.

ಆ ಊರಿನಲ್ಲಿ ನಾನು ಹತ್ತು ದಿನ ಇರಬೇಕಾಯಿತು. ಚಾವಡಿಯಲ್ಲಿ ಬುಟ್ಟಿ ಇಟ್ಟದ್ದೇ ಜನ ಮುತ್ತಿಕೊಂಡರು. ಪ್ರತಿಯೊಬ್ಬರೂ ಮುಚ್ಚಳ ಎತ್ತುವವರೇ. ಹಕ್ಕಿ ಬುಟ್ಟಿಯ ಗೋಡೆಗೆ ಅಪ್ಪಳಿಸಿ ಗಾಯ ಮತ್ತೆ ಬಿರಿಯಿತು. ಇದನ್ನು ನೋಡಿದ, ಬಿಳಿಯ ಎತ್ತಿನ ಆ ಹೆಂಗಸು ಬಂದು, ಗುಂಪಿನವರನ್ನು ಗದರಿಸಿದಳು.

"ಅದೇನ್ ಕರಡಿ ಕುಣಿತ್ವಾ? ಓಗ್ರಲಾ, ಕೆಲ್ಸ ನೋಡ್ಕೋಗಿ." ಬುಟ್ಟಿಯನ್ನು ತಾನೇ ಎತ್ತಿಕೊಂಡು ನನ್ನ ಕಡೆ ತಿರುಗಿ, "ನಮ್ಮನೆ ನಡುಮನೇಲಿ ಮಡಗ್ತೀನಿ. ಕತ್ಲಾಗಿರ್ತದೆ, ಯಾರೂ ಬರಾಕಿಲ್ಲ. ನೀನು ಬಂದು ಅದೇನ್ ಕುಡುಸ್ತೀಯೋ ಕುಡ್ಸು" ಎಂದಳು.

ಆ ಸಂಜೆ ನಾನು ಫಿಲ್ಲರು ಹಿಡಿದು ಮುಂದಿನಿಂದ ಹನಿ ಬಿಡುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಹಕ್ಕಿ ಸೀನಿತು.

"ಅಂಗಲ್ಲ ಕಣಪ್ಪ. ನೀನು ದನದ್ ಡಾಕುಟ್ರು, ಎತ್ತುಗೆ ಗೊಟ್ಟ ಕೊಡೋದು ಕಂಡಿಲ್ವಾ? ಮುಂದ್ಲಿಂದ ಉಯ್ದ್ರೆ ಉಸ್ರುಗೆ ಓಯ್ತದೆ. ಪಕ್ಕದಿಂದ ಕೊಡ್ಬೇಕು. ಅದೂ ಇಂಗೆ ನೀರಾಗಿದ್ರೆ ಮೂಗ್ಗೆ ಏರ್ದೆ ಇನ್ನೇನ್ ಆದದು?"

ಗೊಟ್ಟವೆಂದರೆ ದನಗಳಿಗೆ ಮದ್ದು, ಗಂಜಿ ಕುಡಿಸುವ ಬಿದಿರಿನ ಕೊಳವೆ. ದಿನಕ್ಕೆ ಹತ್ತು ಸಲ ಅದನ್ನು ಹಿಡಿಯುವವನು ನಾನು. ಹಕ್ಕಿ ಚಿಕ್ಕದೆಂದು ಆ ಬುದ್ಧಿ ನನಗೆ ಓಡಿರಲಿಲ್ಲ.

ಅವಳು ಗದ್ದೆ ಬದುವಿನಿಂದ ಒಂದು ಕೊಕ್ಕರೆಯ ಗರಿ ಆರಿಸಿ ತಂದಳು. ಅದರ ದಂಟನ್ನು ಓರೆಯಾಗಿ ಕೊಯ್ದು, ಒಳಗಿನ ತಿರುಳನ್ನು ಕಡ್ಡಿಯಿಂದ ತೆಗೆದು, ಅಂಚು ಚುಚ್ಚದ ಹಾಗೆ ಕಲ್ಲಿನ ಮೇಲೆ ನಯವಾಗಿ ಉಜ್ಜಿದಳು. ಬೆರಳುದ್ದದ ಗೊಟ್ಟವಾಯಿತು. ರಾಗಿ ಹಿಟ್ಟನ್ನು ಬಟ್ಟೆಯಲ್ಲಿ ಸೋಸಿ, ಬೆರಳಿಗೆ ಅಂಟುವಷ್ಟು ಗಟ್ಟಿಯಾಗಿ ಬೇಯಿಸಿ, ಬೆಂದ ಮೊಟ್ಟೆಯ ಹಳದಿಯನ್ನು ಅದರಲ್ಲಿ ಅರೆದಳು. ಮೊಟ್ಟೆಯ ವಿಷಯ ಇಂಜಿನಿಯರರ ಮನೆಯಲ್ಲಿ ನಾನು ಬಾಯಿ ಬಿಡುವಂತಿರಲಿಲ್ಲ. ನಾನು ಕೆನ್ನೆ ಹಿಡಿದೆ. ಅವಳು ಹಕ್ಕಿಯ ಎಡಪಕ್ಕದಿಂದ ಗರಿಯನ್ನು ತೂರಿಸಿ, ನಾಲಿಗೆಯ ಮೇಲೆ ಬಲಕ್ಕೆ ಓರೆಮಾಡಿ, ಕಡ್ಡಿಯಿಂದ ಸಣ್ಣಗೆ ತಳ್ಳಿದಳು. ಹಕ್ಕಿ ನುಂಗಿತು. ಸೀನಲಿಲ್ಲ. ಇನ್ನೊಂದು. ಐದನೆಯದಕ್ಕೆ ತಾನೇ ಕತ್ತು ಮುಂದೆ ಚಾಚಿತು. ಗಂಟಲಿನ ಕೆಳಗಿನ ಚೀಲ ಕಡಲೆಕಾಯಿಯಷ್ಟು ಉಬ್ಬಿದ ಮೇಲೆ ಸಾಕೆಂದೆ.

ಅಲ್ಲಿಂದ ಅವಳ ಮನೆಯಲ್ಲಿ ಎರಡು ಗೊಟ್ಟ ನಡೆದವು. ಕೊಟ್ಟಿಗೆಯಲ್ಲಿ ಬೇರೆ ಕಟ್ಟಿದ್ದ ಎತ್ತಿಗೆ ಬಿದಿರಿನದು, ನಡುಮನೆಯಲ್ಲಿ ಹಕ್ಕಿಗೆ ಗರಿಯದು. ಎತ್ತಿನ ಬಾಯಿಯ ಚುಕ್ಕೆಗಳು ಒಡೆದು ಹುಣ್ಣಾಗಿದ್ದವು. ದವಡೆ ಆಡಿಸಲಾಗದೆ ಅದು ಹುಲ್ಲಿನ ಮುಂದೆ ಮುಖವಿಟ್ಟುಕೊಂಡು ನಿಲ್ಲುತ್ತಿತ್ತು. ಬೆಳಿಗ್ಗೆ ಸಂಜೆ ಪೊಟ್ಯಾಷ್ ನೀರಿನಲ್ಲಿ ಬಾಯಿ ತೊಳೆದೆ. ಭೇದಿಗೆ ಸೀಮೆಸುಣ್ಣದ ಪುಡಿ, ಕಾಚು ಕೊಟ್ಟೆ. ಅವಳು ಎರಡೆರಡು ಸೇರು ಅಂಬಲಿ ಹೊಯ್ದಳು. ಒಂದು ಕೊಳವೆಯನ್ನು ಎತ್ತಿನ ಬಾಯಿಂದ ತೆಗೆದು, ಕೈಯನ್ನು ಸೋಪಿನಲ್ಲಿ ತೊಳೆದು, ಒಳಗೆ ಬಂದು ಇನ್ನೊಂದನ್ನು ಹಿಡಿಯುವಳು. ಕೈ ತೊಳೆಯಬೇಕೆಂದು ನಾನು ಒಂದು ಸಲ ಹೇಳಿದ್ದೆ, ಮತ್ತೆ ಹೇಳಬೇಕಾಗಲಿಲ್ಲ.

ಸಂಜೆಗೊಮ್ಮೆ ಹಕ್ಕಿಯನ್ನು ತೂಗುತ್ತಿದ್ದೆ. ಶನಿವಾರ ಆರೂಕಾಲು ತೊಲದಲ್ಲೇ ನಿಂತಿತು. ಭಾನುವಾರ ಆರೂವರೆ. ಉಸಿರಿನ ಗೊರಗೊರ ನಿಂತಿತು. ಗಾಯದ ಮೇಲೆ ಕಪ್ಪು ಹಕ್ಕಳೆ ಕಟ್ಟಿತು. ಅವಳು ಒಳಗೆ ಬಂದರೆ ಜುಟ್ಟು ಎತ್ತಿ ನೋಡುತ್ತಿತ್ತು. ನಾನು ಬಂದರೆ ಈಗಲೂ ಮೂಲೆ ಸೇರುತ್ತಿತ್ತು. ಅದೇ ಭಾನುವಾರ ಎತ್ತು ಮಲಗಿದ್ದು ಏಳಲಿಲ್ಲ. ಮೈ ತಣ್ಣಗಾಗುತ್ತ ಬಂತು. ಜ್ವರ ಇಳಿದರೆ ಒಳ್ಳೆಯದಲ್ಲವೇ ಎಂದು ಅವಳು ಕೇಳಿದಳು. ಈ ರೋಗದಲ್ಲಿ ಭೇದಿ ಹತ್ತಿದ ಮೇಲೆ ಮೈ ತಣ್ಣಗಾದರೆ ಅದು ಕೊನೆ. ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ. ಅವಳಿಗೆ ಅರ್ಥವಾಯಿತು.

ಮಂಗಳವಾರ ಬೆಳಿಗ್ಗೆ ಎತ್ತು ಸತ್ತಿತು. ಸತ್ತ ದನದ ಚರ್ಮ ಸುಲಿಯಲು ಬಿಡುವಂತಿಲ್ಲ, ಹೂತದ್ದನ್ನು ಯಾರೂ ತೋಡಿ ತೆಗೆಯದ ಹಾಗೆ ಚರ್ಮವನ್ನು ಅಲ್ಲಲ್ಲಿ ಸೀಳಿ, ಸುಣ್ಣ ಸುರಿದು, ಆಳಿನ ಆಳದ ಗುಂಡಿಯಲ್ಲಿ ಹೂಳಬೇಕು. ಸೀಳುವ ಕೆಲಸ ನನ್ನದು. ಗುಂಡಿಯ ಅಂಚಿನಲ್ಲಿ ಅವಳು ನಿಂತಿದ್ದಳು. ಆಚೆ ಹೋಗಮ್ಮ ಎಂದೆ. ಹೋಗಲಿಲ್ಲ. ಬೆನ್ನ ಮೇಲೆ ಮೂರು, ಪಕ್ಕೆಗಳ ಮೇಲೆ ಎರಡೆರಡು ಗೀರು ಎಳೆದೆ. ನೊಗದಿಂದ ಜಡ್ಡುಗಟ್ಟಿದ ಹೆಗಲಿನ ಹತ್ತಿರ ಬಂದಾಗ ಕೈ ನಿಂತಿತು. ಅವಳೇ, "ಅಲ್ಲೂ ಎಳಿ. ಅರ್ಧಂಬರ್ಧ ಬುಡಬ್ಯಾಡ" ಎಂದಳು.

ಮಣ್ಣು ಮುಚ್ಚಿದ ಮೇಲೆ ಇಬ್ಬರೂ ನಾಲೆಯ ತೂಬಿನ ಹತ್ತಿರ ಕೈಕಾಲು ತೊಳೆದೆವು. ಅವಳು ಹೇಳಿದಳು: "ನಿನ್ನದೇನ್ ತಪ್ಪಿಲ್ಲ ಬುಡಪ್ಪ. ಸೀಸೆ ಬರ್ದೆ ಇದ್ರೆ ನೀನೇನ್ ಮಾಡೀಯೆ."

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆ ಐದು ದಿನ ಅವಳ ಮನೆಯ ಮುದ್ದೆ ಉಂಡಿದ್ದೆ. ಸುಮ್ಮನಿರಲಾಗಲಿಲ್ಲ.

"ಸೀಸೆ ಹೋದ ಮಂಗಳವಾರವೇ ಬಂದಿತ್ತು ಕಣಮ್ಮ. ನಾನೇ ಎರಡು ದಿನ ಬರಲಿಲ್ಲ. ಈ ಹಕ್ಕಿಗೋಸ್ಕರ ಮಂಡ್ಯದಲ್ಲಿ ಉಳಿದೆ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

"ಈಗ್ಯಾಕೆ ಯೋಳ್ದೆ?" ಎಂದಳು ಕೊನೆಗೆ. "ಯೋಳ್ದೆ ಇದ್ದಿದ್ರೆ ದೇವ್ರು ಮಾಡ್ದ ಅಂತ ಇರ್ತಿದ್ದೆ. ಈಗ ನೀನ್ ಮಾಡ್ದೆ ಅಂತ ಇರ್ಬೇಕು. ನಿನ್ ಎದೆ ಅಗುರ ಮಾಡ್ಕಂಡೆ, ನನ್ಗೇನ್ ಆಯ್ತು?"

ಅವಳು ಏರಿ ಹತ್ತಿ ಹೊರಟುಹೋದಳು. ನಾನು ಅಲ್ಲೇ ಕೂತೆ.

ಮಧ್ಯಾಹ್ನ ಹಕ್ಕಿಯನ್ನು ಚಾವಡಿಗೆ ತರೋಣವೆಂದು ಅವಳ ಮನೆಗೆ ಹೋದೆ. ಬಾಗಿಲು ತೆರೆದಿತ್ತು, ಅವಳಿರಲಿಲ್ಲ. ಹಕ್ಕಿಗೆ ನಾನೇ ಗರಿಯಲ್ಲಿ ಕೊಟ್ಟೆ. ಹಿಡಿದುಕೊಳ್ಳಲು ಇನ್ನೊಬ್ಬರ ಕೈಯಿಲ್ಲದೆ ಅರ್ಧ ಚೆಲ್ಲಿತು. ಬುಟ್ಟಿ ಎತ್ತಿಕೊಂಡು ಹೊಸಿಲು ದಾಟುವಾಗ ಅವಳು ಹುಲ್ಲಿನ ಹೊರೆ ಹೊತ್ತು ಬಂದಳು. ಹೊರೆ ಇಳಿಸಿ, ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು, ಒಳಗೆ ಹೋಗಿ, ಇದ್ದ ಜಾಗದಲ್ಲೇ ಇಟ್ಟಳು. ಅವತ್ತಿನ ಸಂಜೆಯಿಂದ ನಾನು ಊರು ಬಿಡುವವರೆಗೆ ಐದು ದಿನ ಅವಳೇ ಹಕ್ಕಿಗೆ ಉಣಿಸಿದಳು. ಹೊತ್ತಿಗೆ ಸರಿಯಾಗಿ ನಾನು ಹೋಗಿ ಕೆನ್ನೆ ಹಿಡಿಯುವೆ, ಅವಳು ಗರಿ ತೂರಿಸುವಳು, ಮುಗಿದ ಮೇಲೆ ನಾನು ಎದ್ದು ಬರುವೆ. ಆ ಐದು ದಿನ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಹಕ್ಕಿಯ ಜೊತೆಗೂ ಆಡಲಿಲ್ಲ. ಮುಂಚೆ ಅದಕ್ಕೆ ಏನೇನೋ ಹೇಳುತ್ತಿದ್ದಳು.

ಆ ಊರಿನಲ್ಲಿ ಒಟ್ಟು ಹನ್ನೊಂದು ದನ ಸತ್ತವು. ಗುರುತು ಹಾಕಿದ್ದರಲ್ಲಿ ಒಂದೂ ಸಾಯಲಿಲ್ಲ. ಹತ್ತನೆಯ ದಿನ ಹೊರಟಾಗ ಹಕ್ಕಿ ಏಳು ತೊಲವಿತ್ತು.

ಮಂಡ್ಯದಲ್ಲಿ ಬುಟ್ಟಿ ತೆರೆದಾಗ ಆಕೆ ಮೊದಲು ಸಂತೋಷಪಟ್ಟರು, ಆಮೇಲೆ ಕೊಕ್ಕಿನ ಮೋಟು ಕಂಡು ಬಾಯಿ ಮುಚ್ಚಿಕೊಂಡರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೆಳೆಯುವ ಬುಡಕ್ಕೇ ಬಿರುಕು ಬಿಟ್ಟಿರುವುದರಿಂದ ಮೇಲಿನ ಕೊಕ್ಕು ಮೊದಲಿನಂತಾಗುವುದಿಲ್ಲ. ಕಾಳು ಒಡೆದು ತಿನ್ನಲು ಇನ್ನು ಆಗದು, ಜೀವಮಾನವಿಡೀ ಮೆತ್ತನೆಯದನ್ನೇ ಕೊಡಬೇಕು. ಕೆಳಗಿನ ಕೊಕ್ಕಿಗೆ ಸವೆಯಲು ಎದುರಿಲ್ಲ, ಅದು ಬೆಳೆಯುತ್ತ ಹೋಗುತ್ತದೆ, ತಿಂಗಳಿಗೊಮ್ಮೆ ಸಣ್ಣ ಅರದಲ್ಲಿ ಉಜ್ಜಬೇಕು. ಗರಿ ಹಿಡಿಯುವುದನ್ನು ಆಕೆಗೆ ಕಲಿಸಿದೆ. ಎಡದಿಂದ, ಬಲಕ್ಕೆ ಓರೆಯಾಗಿ.

"ಇದನ್ನ ಯಾರು ಮಾಡಿಕೊಟ್ಟರು?" ಎಂದು ಗರಿಯನ್ನು ತಿರುಗಿಸಿ ನೋಡಿದರು.

ಹೇಳಿದೆ. ಎತ್ತಿನ ವಿಷಯವನ್ನೂ ಹೇಳಿದೆ. ಆಕೆ ಕುರ್ಚಿಯ ಮೇಲೆ ಕೂತುಬಿಟ್ಟರು.

"ನಾನು ಇರಿ ಅಂದೆ. ನೀವು ಯಾಕೆ ಹೇಳಲಿಲ್ಲ?"

"ಹೇಳಬೇಕಿತ್ತು."

ವರ್ಗದ ಮಾತನ್ನು ಅಲ್ಲಿ ಎತ್ತುವ ಧೈರ್ಯ ನನಗೆ ಆಗಲಿಲ್ಲ. ಒಂದು ವರ್ಷದ ಮೇಲೆ ಇಂಜಿನಿಯರರಿಗೆ ಶಿವಮೊಗ್ಗದ ಕಡೆ ಬದಲಿಯಾಯಿತು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಹೋಗಿ ಅರ ಹಿಡಿದೆ. ಹಕ್ಕಿ ಕೊನೆಯವರೆಗೂ ನನ್ನನ್ನು ಕಂಡರೆ ಹೆದರುತ್ತಿತ್ತು.

ಡಾಕ್ಟರು ಮಳವಳ್ಳಿಯಿಂದ ಬಂದು ನನ್ನ ಡೈರಿ ತೆಗೆದರು. ಮಂಗಳವಾರ, ಬುಧವಾರದ ಮುಂದೆ ನಾನು ಮೊದಲು 'ಸೀರಂ ವಿಂಗಡಣೆ' ಎಂದು ಬರೆದಿದ್ದೆ. ಕೊತ್ತತ್ತಿಯಿಂದ ಬಂದ ಮೇಲೆ ಅದನ್ನು ಹೊಡೆದು, 'ಖಾಸಗಿ ಮನೆಯ ಹಕ್ಕಿಗೆ ಚಿಕಿತ್ಸೆ' ಎಂದು ಬರೆದೆ. ಅವರು ಎರಡು ಸಲ ಓದಿದರು.

"ಇದಕ್ಕೆ ಮೆಮೋ ಕೊಡದೆ ನನಗೆ ದಾರಿಯಿಲ್ಲ" ಎಂದರು.

"ಕೊಡಿ" ಎಂದೆ.

ಮೆಮೋ ಬಂತು. ಅದರ ಹಿಂದೆಯೇ ನನ್ನ ವರ್ಗದ ಅರ್ಜಿಯೂ ತಿರುಗಿ ಬಂತು. ಹೆಂಡತಿ ಮಳವಳ್ಳಿಯಲ್ಲೇ ಉಳಿದಳು. ನಾನು ಭಾನುವಾರಗಳಲ್ಲಿ ಹೋಗಿ ಬರುತ್ತಿದ್ದೆ.

ಕಬ್ಬು ಕಡಿಯುವ ಕಾಲ ಬಂತು. ಒಂದು ಬೆಳಿಗ್ಗೆ ಕಾರ್ಖಾನೆಯ ರಸ್ತೆಯಲ್ಲಿ ಗಾಡಿಗಳ ಸಾಲಿನ ಪಕ್ಕ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೆ. "ಏಯ್, ನಿಂತ್ಕಪ್ಪ" ಎಂದು ಯಾರೋ ಕೂಗಿದರು. ಅವಳೇ. ಗಾಡಿಯ ಬಲಗಡೆ ಉಳಿದ ಬಿಳಿಯ ಎತ್ತು, ಎಡಗಡೆ ಎಲ್ಲಿಂದಲೋ ತಂದ ಗಿಡ್ಡನೆಯ ಕಂದು ಎತ್ತು. ಎತ್ತರ ಸರಿಹೊಂದದೆ ನೊಗ ಓರೆಯಾಗಿತ್ತು. ಭಾರವೆಲ್ಲ ಗಿಡ್ಡನೆಯದರ ಕಡೆ ಜಾರಿ, ಬಿಳಿಯದರ ಕತ್ತನ್ನು ನೊಗದ ತುದಿ ಕೊಯ್ಯುತ್ತಿತ್ತು.

"ಎಗ್ಲು ಉಣ್ಣಾಗ್ಯದೆ, ನೋಡು" ಎಂದಳು.

ನೊಗ ಇಳಿಸಿದೆವು. ಅಂಗೈಯಗಲ ಚರ್ಮ ಹೋಗಿ ಕೀವು ಕಟ್ಟಿತ್ತು. ರಸ್ತೆಯ ಪಕ್ಕದಲ್ಲೇ ಪೊಟ್ಯಾಷ್ ನೀರಿನಲ್ಲಿ ತೊಳೆದು, ಸತ್ತ ಚರ್ಮ ಕತ್ತರಿಸಿ, ಗಂಧಕದ ಮುಲಾಮು ಒತ್ತಿದೆ. ಎತ್ತು ಒದೆಯದ ಹಾಗೆ ಅವಳು ಮೂಗುದಾರ ಹಿಡಿದು ನಿಂತಿದ್ದಳು. ಹಕ್ಕಿಯ ಬಗ್ಗೆ ಕೇಳುತ್ತಾಳೇನೋ ಎಂದು ಕಾದೆ. ಕೇಳಲಿಲ್ಲ.

"ಹತ್ತು ದಿನ ನೊಗ ಹೂಡಬೇಡ. ನಾಡಿದ್ದು ನಾನೇ ಊರಿಗೆ ಬಂದು ಇನ್ನೊಂದು ಸಲ ತೊಳೆದು ಕಟ್ತೀನಿ" ಎಂದೆ.

ಅವಳು ನನ್ನ ಮುಖ ನೋಡಿದಳು. ಆ ಗುಂಡಿಯ ಹತ್ತಿರದ ಮಂಗಳವಾರದಿಂದ ಈಚೆಗೆ ಅದೇ ಮೊದಲು.

"ನಾಡಿದ್ದು ಅಂದ್ರೆ ನಾಡಿದ್ದೇ ಬತ್ತೀಯಾ?"

"ಬರ್ತೀನಿ."

ಅವಳು ಪಕ್ಕದ ಗಾಡಿಯವನನ್ನು ಕರೆದು ತನ್ನ ಕಬ್ಬನ್ನು ಅವನ ಗಾಡಿಗೆ ಹಾಕಿಸತೊಡಗಿದಳು. ನಾಡಿದ್ದು ನಾನು ಕೊತ್ತತ್ತಿ ಮುಟ್ಟಿದಾಗ ಸೂರ್ಯ ಹುಟ್ಟಿರಲಿಲ್ಲ. ಅವಳ ಮನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಕೊಟ್ಟಿಗೆಗೆ ಹೋಗಿ ಎತ್ತಿನ ಕತ್ತಿಗೆ ಕೈಯಿಟ್ಟು ನೋಡಿದೆ. ಬಿಸಿ ಕಡಿಮೆಯಾಗಿತ್ತು. ಹೊರಗೆ ಜಗುಲಿಯ ಮೇಲೆ ಮುಲಾಮಿನ ಡಬ್ಬಿ ಇಟ್ಟುಕೊಂಡು, ಅವಳ ಚಿಲಕದ ಸದ್ದಿಗೆ ಕಾಯುತ್ತ ಕೂತೆ.